ಹನ್ನೆರಡು ಕುದುರೆ ಬಾಕಿ

ಪತ್ರ ಸಂಖ್ಯೆ 1
ಜಯನಗರ 4ನೇ ‘ಟಿ’ ಬ್ಲಾಕ್
12 ಜನವರಿ 2025

‘ಪಾಳೆಯಪಟ್ಟು’ ಆಟದ ಮಾಲೀಕರಿಗೆ, ಕೋಣನಕುಂಟೆ.

ನಿಮ್ಮ ಕರಪತ್ರ ಕೈಸೇರಿತು. ಯುಗಾದಿಯಿಂದ ನಿಮ್ಮ ಸೈನಿಕರೆಲ್ಲ ಇಪ್ಪತ್ತೆಂಟು ಮಿಲಿಮೀಟರ್ ಎತ್ತರದಿಂದ ಹದಿನೈದಕ್ಕೆ ಇಳಿಯುತ್ತಾರಂತೆ. ಅದರ ಮೇಲೆ ‘ಸಂತಸದ ಸುದ್ದಿ’ ಎಂದು ಬೇರೆ ಅಚ್ಚು ಹಾಕಿಸಿದ್ದೀರಿ. ಯಾರಿಗೆ ಸಂತಸ ಎಂಬುದು ಮಾತ್ರ ಎಲ್ಲೂ ಇಲ್ಲ.

ನಾನು ಅನಂತರಾಮು, ಎಪ್ಪತ್ತೊಂದು ವರ್ಷ. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಎರಕದ ಮಾದರಿಗಳನ್ನು ಕೆತ್ತಿದವನು. ನಿವೃತ್ತಿಯಾದ ವಾರವೇ ನಿಮ್ಮ ಆಟದ ಮೊದಲ ಪೆಟ್ಟಿಗೆ ಕೊಂಡೆ. ಆಗ ದೇವದಾಸ್ ಎಂಬುವರು ನಡೆಸುತ್ತಿದ್ದರು. ಈಗ ನಡೆಸುತ್ತಿರುವ ನೀವು ಮರೆತಂತಿರುವುದರಿಂದ ನಿಮ್ಮ ಆಟವನ್ನು ನಿಮಗೇ ನೆನಪಿಸುತ್ತೇನೆ. ಎರಡು ಪಾಳೆಯಗಾರರ ಸೈನ್ಯ. ತವರ-ಸೀಸದಲ್ಲಿ ಎರಕ ಹೊಯ್ದ ಗೊಂಬೆಗಳಿಗೆ ಆಡುವವರೇ ಬಣ್ಣ ಹಚ್ಚಬೇಕು. ಆರಡಿ ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿಯಿಂದ ಅಳೆದು ನಡೆಸಿ, ದಾಳ ಹಾಕಿ ಹೋರಾಡಬೇಕು.

ನಮ್ಮ ಮನೆಯ ಮೇಜಿಗೆ ಎರಡು ನಿಯಮಗಳಿವೆ. ಬರೆದವನು ನಾನು. ಒಂದು, ಪಟ್ಟಿಯಲ್ಲಿರುವಷ್ಟೂ ಆಳು ಸೇರದೆ ಸೈನ್ಯ ಕಣಕ್ಕಿಳಿಯಬಾರದು. ಎರಡು, ಬಣ್ಣವಿಲ್ಲದ ಗೊಂಬೆ ಮೇಜು ಹತ್ತಬಾರದು. ನನ್ನ ಪಟ್ಟಿ ಮುನ್ನೂರ ಹನ್ನೆರಡು. ಹನ್ನೊಂದು ವರ್ಷದಲ್ಲಿ ಮುನ್ನೂರು ಮುಗಿದಿದೆ. ಇನ್ನು ಹನ್ನೆರಡು ಕುದುರೆ ಸವಾರರು ಬಾಕಿ. ಎದುರಾಳಿ, ಗಿರಿನಗರದ ಜಯದೇವಪ್ಪ, ಬ್ಯಾಂಕಿನಲ್ಲಿದ್ದವನು, ತನ್ನ ಸೈನ್ಯ ಮುಗಿಸಿ ಎರಡು ವರ್ಷದಿಂದ ಕಾಯುತ್ತಿದ್ದಾನೆ. ಹಳೆಯ ಅಳತೆಯಲ್ಲಿ ಹನ್ನೆರಡು ಸವಾರರನ್ನು ಎರಕ ಹೊಯ್ದು ಕಳಿಸಿ. ಆತುರವಿದೆ. ಕಾರಣ ನಿಮಗೆ ಬೇಡ.

ಇನ್ನೊಂದು ವಿಷಯ. ಗೊಂಬೆಯನ್ನು ಅರ್ಧ ಮಾಡುವಾಗ ಎಲ್ಲವನ್ನೂ ಅರ್ಧ ಮಾಡಬಾರದು. ಎತ್ತರ ಇಳಿಸಿ, ಆದರೆ ಭರ್ಜಿಯ ದಪ್ಪ ಹಾಗೇ ಇರಲಿ, ತಲೆ ಮತ್ತು ಕೈ ಕೊಂಚ ದೊಡ್ಡದಾಗಲಿ. ಇಲ್ಲದಿದ್ದರೆ ಭರ್ಜಿ ಮುರಿಯುತ್ತದೆ.

ಫೋನ್ ಮಾಡಬೇಡಿ. ಫೋನಿನಲ್ಲಿ ಜಗಳವಾಡಿದರೆ ದಾಖಲೆ ಉಳಿಯುವುದಿಲ್ಲ.

ಅನಂತರಾಮು

*

ಕೋಣನಕುಂಟೆ
22 ಜನವರಿ 2025

ಅನಂತರಾಮು ಸಾರ್ ಅವರಿಗೆ ನಮಸ್ಕಾರ.

ನಾನು ಶೃತಿ. ದೇವದಾಸ್ ಅಂಕಲ್ ಅವರಿಂದ ಮೂರು ವರ್ಷದ ಹಿಂದೆ ಈ ಆಟವನ್ನು ಕೊಂಡವಳು. ಇಷ್ಟು ವರ್ಷದಿಂದ ಆಡುತ್ತಿರುವವರ ಪತ್ರ ಬಂದಿದ್ದು ನಿಜವಾಗಿ ಖುಷಿಯಾಯಿತು.

ಅಳತೆ ಇಳಿಸಿದ್ದು ಹುಡುಗಾಟಕ್ಕಲ್ಲ ಸಾರ್. ನಿಮ್ಮ ಮನೆಯಲ್ಲಿ ಆರಡಿ ಮೇಜಿದೆ. ಬಿ.ಟಿ.ಎಂ. ಲೇಔಟಿನ ಒಂದು ರೂಮಿನ ಮನೆಯಲ್ಲಿರುವವರಿಗೆ ಮಂಚ ಹಾಕಿದ ಮೇಲೆ ಉಳಿಯುವುದು ಮಡಿಸುವ ಮೇಜಿನಷ್ಟು ಜಾಗ. ಕಳೆದ ವರ್ಷ ಪ್ರದರ್ಶನಗಳಲ್ಲಿ ನೂರಾರು ಜನ ನಮ್ಮ ಗೊಂಬೆಗಳನ್ನು ಕೈಯಲ್ಲಿ ಹಿಡಿದು ಸಖತ್ತಾಗಿದೆ ಎಂದರು. ಕೊಂಡವರು ಹದಿನೇಳು ಜನ. ‘ಇಡೋದೆಲ್ಲಿ ಅಕ್ಕ?’ ಎಂದೇ ಎಲ್ಲರೂ ಕೇಳಿದ್ದು. ಹೊಸ ಸೈನ್ಯ ಟಿಫನ್ ಡಬ್ಬಿಯೊಳಗೆ ಹಿಡಿಸುತ್ತದೆ. ಮೆಟ್ರೋದಲ್ಲಿ ಒಯ್ಯಬಹುದು.

ಸದ್ಯಕ್ಕೆ ಹಳೆಯ ಕಾಲಾಳುಗಳನ್ನು ಮಾತ್ರ ಸ್ಕ್ಯಾನ್ ಮಾಡಿಸಿ ಸಣ್ಣ ಅಳತೆಗೆ ತರುತ್ತಿದ್ದೇವೆ. ಕುದುರೆಗಳು ಆಮೇಲೆ. ಹಳೆಯ ಅಳತೆಯ ಸವಾರರ ಬಗ್ಗೆ ನೋಡೋಣ ಸಾರ್.

ದಯವಿಟ್ಟು ವಾಟ್ಸ್ಯಾಪ್ ನಂಬರ್ ಕಳಿಸಿ. ಅಲ್ಲಿ ಬೇಗ ಮಾತಾಡಬಹುದು.

ಶೃತಿ ತಿಮ್ಮರಾಯಪ್ಪ

*

ಪತ್ರ ಸಂಖ್ಯೆ 2
ಜಯನಗರ
3 ಫೆಬ್ರವರಿ 2025

ಶೃತಿ ಅವರಿಗೆ,

‘ನೋಡೋಣ’ ಎಂದು ಬರೆದಿದ್ದೀರಿ. ನಮ್ಮ ಕಾರ್ಖಾನೆಯಲ್ಲಿ ‘ಆಗುವುದಿಲ್ಲ’ ಎನ್ನಲು ಧೈರ್ಯವಿಲ್ಲದ ಅಧಿಕಾರಿಗಳು ಫೈಲಿನ ಮೇಲೆ ಬರೆಯುತ್ತಿದ್ದ ಪದ ಅದು. ಆಗುತ್ತದೆಯೋ ಇಲ್ಲವೋ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ.

ಭಾನುವಾರ ಜಯದೇವಪ್ಪ ಬಂದಿದ್ದ. ಕಾಫಿ ಕುಡಿದು, ಕಪಾಟಿನ ಬಾಗಿಲು ತೆಗೆದು, ನನ್ನ ಸೈನ್ಯವನ್ನು ನೋಡಿಕೊಂಡು ನಿಂತ.

“ಲೋ ಅನಂತು, ಹನ್ನೆರಡು ಕುದ್ರೆ ಕಮ್ಮಿ ಆದ್ರೆ ಆಕಾಶ ಕಳಚಿ ಬೀಳುತ್ತೇನೋ? ಆಡೋಣ ಬಾರೋ.”

“ಆಗಲ್ಲ ಕಣೋ. ಎರಡು ಬಿಲ್ಲುಗಾರರು ಕಮ್ಮಿ ಅಂತ ನಿನ್ನನ್ನೇ ಬಾಗಿಲಿಂದ ವಾಪಸ್ ಕಳಿಸಿದ್ದೀನಿ. ಮರೆತ್ಯಾ?”

“ಮರೆಯೋದೆಲ್ಲಿ? ಆವತ್ತು ಮಳೆ ಬೇರೆ!”

ನನ್ನ ನಿಯಮವೇ ಈಗ ನನ್ನ ಕುತ್ತಿಗೆಗೆ ಬಂದಿದೆ. ಹಾಗೆಂದು ಬೇರೆಯವರಿಗೆ ಬಿಗಿ ಹಿಡಿದದ್ದನ್ನು ನನಗಾಗಿ ಸಡಿಲಿಸಲಾರೆ. ಆದ್ದರಿಂದ ಹನ್ನೆರಡು ಕುದುರೆ ಬೇಕೇ ಬೇಕು. ಮೊಬೈಲಿನ ಸಣ್ಣ ಪರದೆಯಲ್ಲಿ ಓದುವ ಅಭ್ಯಾಸ ನನಗಿಲ್ಲ. ಪತ್ರವನ್ನೇ ಬರೆಯಿರಿ.

ಅನಂತರಾಮು

*

ಕೋಣನಕುಂಟೆ
10 ಏಪ್ರಿಲ್ 2025

ಅನಂತರಾಮು ಸಾರ್,

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಯುಗಾದಿಯ ಗದ್ದಲದಲ್ಲಿ ಶೆಡ್ಡಿನಿಂದ ಆಚೆ ಬಂದದ್ದೇ ಕಡಿಮೆ.

ಹದಿನೈದು ಮಿಲಿಮೀಟರಿನ ಪೆಟ್ಟಿಗೆ ಒಂಬತ್ತು ದಿನದಲ್ಲಿ ನಾನೂರು ಹೋಯಿತು ಸಾರ್! ಹಳೆಯ ಅಳತೆಯಲ್ಲಿ ಎರಡು ವರ್ಷಕ್ಕೂ ಇಷ್ಟು ಹೋಗಿರಲಿಲ್ಲ. ಜೆ.ಪಿ. ನಗರದ ಕೆಫೆಯೊಂದರಲ್ಲಿ ಶನಿವಾರ ಏಳು ಮೇಜುಗಳಲ್ಲಿ ಏಳು ಯುದ್ಧ ನಡೆಯುತ್ತಿತ್ತು, ಕಾಫಿ ಕಪ್ಪುಗಳ ನಡುವೆ. ನಾನು ನೋಡುತ್ತಾ ನಿಂತೇ ಇದ್ದೆ. ಎರಕ ಹೊಯ್ಯುವ ನಮ್ಮ ಯಲ್ಲಪ್ಪಣ್ಣನೂ ಬಂದಿದ್ದರು. “ಇಷ್ಟು ಜನ ನಾವ್ ಮಾಡಿದ್ದನ್ನ ಮುಟ್ಟಿ ಆಡೋದು ಇವತ್ತೇ ನೋಡಿದ್ದು ಮೇಡಂ,” ಎಂದರು.

ನಿಮಗೂ ಒಂದು ಪೆಟ್ಟಿಗೆ ಉಚಿತವಾಗಿ ಕಳಿಸಿದ್ದೇನೆ. ಒಮ್ಮೆ ಬಣ್ಣ ಹಚ್ಚಿ ನೋಡಿ. ಹಠ ಬಿಟ್ಟರೆ ಇಷ್ಟವಾಗುತ್ತದೆ. ಕುದುರೆಗಳ ವಿಷಯ ನನ್ನ ತಲೆಯಲ್ಲಿದೆ.

ಶೃತಿ

*

ಪತ್ರ ಸಂಖ್ಯೆ 3
ಜಯನಗರ
24 ಏಪ್ರಿಲ್ 2025

ಶೃತಿ ಅವರಿಗೆ,

ಪೆಟ್ಟಿಗೆ ವಾಪಸ್ ಕಳಿಸುತ್ತಿದ್ದೇನೆ. ಮೂರು ದಿನ ಇಟ್ಟುಕೊಂಡಿದ್ದೆ. ನನಗೆ ಈ ಗೊಂಬೆಗಳಲ್ಲಿ ಮುಖವೇ ಕಾಣಲಿಲ್ಲ.

ಜಯದೇವಪ್ಪ ಒಂದು ಪೆಟ್ಟಿಗೆ ಕೊಂಡಿದ್ದಾನೆ. ಜೇಬಿನಲ್ಲಿ ಹಾಕಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿದ. ಸಿಟ್ಟು ಬಂದು ಅವನೊಡನೆ ಮಾತು ಬಿಟ್ಟಿದ್ದೇನೆ. ನಲವತ್ತು ವರ್ಷದ ಸ್ನೇಹಿತ. ಇದಕ್ಕೂ ನೀವೇ ಕಾರಣ.

ಕುದುರೆ ನಿಮ್ಮ ತಲೆಯಲ್ಲಿದ್ದರೆ ನನಗೇನು ಬಂತು? ಹನ್ನೆರಡು ಬಾಕಿ.

ಅನಂತರಾಮು

*

ಕೋಣನಕುಂಟೆ
2 ಮೇ 2025

ಅನಂತರಾಮು ಅವರಿಗೆ,

ನಿಮ್ಮ ಪತ್ರ ಸಿಕ್ಕಿತು. ಜನವರಿಯಲ್ಲಿ ಒಂದು ಹಾಳೆಯಲ್ಲಿ ಅಷ್ಟೆಲ್ಲ ಬರೆದಿದ್ದಿರಿ. ಈ ಸಲ ಹತ್ತು ಸಾಲಿಗೆ ಮೂರು ಹಾಳೆ. ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟಿದೆ. ಅಷ್ಟು ದೊಡ್ಡದಾಗಿ ಬರೆದು ಬೈಯುವ ಅಗತ್ಯವಿರಲಿಲ್ಲ. ಸಣ್ಣ ಅಕ್ಷರದಲ್ಲಿ ಬೈದರೂ ನನಗೆ ನೋವಾಗುತ್ತದೆ.

ಮುಖ ಕಾಣಲಿಲ್ಲ ಎಂದಿದ್ದೀರಿ. ಆ ಮುಖಗಳ ಮೇಲೆ ಆರು ತಿಂಗಳು ಕೂತಿದ್ದೇನೆ. ನಾನೂರು ಜನಕ್ಕೆ ಕಂಡದ್ದು ನಿಮಗೊಬ್ಬರಿಗೆ ಕಾಣದಿದ್ದರೆ ನಾನೇನು ಮಾಡಲಿ? ನಿಮ್ಮ ಸ್ನೇಹಿತರ ಜೊತೆ ನೀವು ಮಾತು ಬಿಟ್ಟಿದ್ದಕ್ಕೂ ನಾನು ಹೊಣೆಯಲ್ಲ.

ಶೃತಿ

*

ಕೋಣನಕುಂಟೆ
11 ಜುಲೈ 2025

ಅನಂತರಾಮು ಸಾರ್,

ಎರಡು ತಿಂಗಳಿಗೂ ಮೇಲಾಯಿತು, ನಿಮ್ಮಿಂದ ಪತ್ರವಿಲ್ಲ. ಮೇ ತಿಂಗಳಲ್ಲಿ ಸಿಟ್ಟಿನಲ್ಲಿ ಬರೆದೆ. ತಪ್ಪಾಯಿತು. ಇವತ್ತು ನನಗೇ ಬೇಕಾಗಿ ಬರೆಯುತ್ತಿದ್ದೇನೆ, ಅದನ್ನೂ ಮುಚ್ಚಿಡುವುದಿಲ್ಲ.

ಭರ್ಜಿಗಳು ಮುರಿಯುತ್ತಿವೆ. ಪೆಟ್ಟಿಗೆ ತೆಗೆಯುವಾಗಲೇ ಒಂದೆರಡು ಬಿದ್ದಿರುತ್ತವೆ, ಎರಡು ಆಟ ಆಡುವಷ್ಟರಲ್ಲಿ ಅರ್ಧ ಸೈನ್ಯ ಬರಿಗೈಯಲ್ಲಿ ನಿಂತಿರುತ್ತದೆ. ಜನ ಇಂಟರ್ನೆಟ್ಟಿನಲ್ಲಿ ಇದಕ್ಕೆ ‘ಶರಣಾಗತರ ಸೈನ್ಯ’ ಎಂದು ಹೆಸರಿಟ್ಟಿದ್ದಾರೆ. ಜೂನ್ ತಿಂಗಳಲ್ಲಿ ಮಾರಿದ್ದಕ್ಕಿಂತ ವಾಪಸ್ ಬಂದದ್ದೇ ಹೆಚ್ಚು. ಕೆಫೆಯಲ್ಲಿ ಈಗ ಶನಿವಾರ ಇಸ್ಪೀಟು ಆಡುತ್ತಾರಂತೆ.

ಮೊನ್ನೆ ಯಲ್ಲಪ್ಪಣ್ಣ ಮೊಳೆಗೆ ಚುಚ್ಚಿದ್ದ ಹಳೆಯ ಕಾಗದಗಳನ್ನು ತಿರುವುತ್ತಿದ್ದವರು ನಿಮ್ಮ ಮೊದಲ ಪತ್ರ ಹಿಡಿದುಕೊಂಡು ಬಂದರು. “ಮೇಡಂ, ಈ ಯಜಮಾನ್ರು ಜನವರಿಲೇ ಬರ್ದವ್ರಲ್ಲ, ಭರ್ಜಿ ಮುರಿಯುತ್ತೆ ಅಂತ. ನೀವ್ ಓದ್ಲಿಲ್ವಾ?”

ಓದಿದ್ದೆ ಸಾರ್. ಬೈಗುಳದ ಜೊತೆ ಬಂದಿದ್ದರಿಂದ ಅದನ್ನೂ ಬೈಗುಳ ಎಂದುಕೊಂಡೆ. ಕಂಪ್ಯೂಟರಿನಲ್ಲಿ ಮುಖಗಳನ್ನಷ್ಟೇ ತಿದ್ದಿ, ಉಳಿದದ್ದನ್ನೆಲ್ಲ ಒಂದು ಗುಂಡಿ ಒತ್ತಿ ಒಂದೇ ಸಮನೆ ಇಳಿಸಿಬಿಟ್ಟೆ.

ಈ ಶೆಡ್ಡು ನಮ್ಮ ಅಪ್ಪನದು. ಹೊಲವೆಲ್ಲ ಲೇಔಟಾಗಿ ಉಳಿದಿರುವುದು ಇದೊಂದೇ. ನೀರಿನ ಕ್ಯಾನಿನ ಗೋಡೌನಿಗೆ ಬಾಡಿಗೆ ಕೇಳಿಕೊಂಡು ಒಬ್ಬರು ದಿನಾ ಬರುತ್ತಿದ್ದಾರೆ. “ಗಣೇಶನ ಹಬ್ಬದ್ ಗಂಟ ನೋಡ್ತೀನಿ ಕಣಮ್ಮ. ಆಮ್ಯಾಕೆ ನಿನ್ ಗೊಂಬೆಗಳ್ನ ಅಟ್ಟದ್ ಮೇಲಿಕ್ಕು,” ಎಂದಿದ್ದಾರೆ ಅಪ್ಪ. ಶೆಡ್ಡು ಹೋದರೆ ಯಲ್ಲಪ್ಪಣ್ಣನ ಕೆಲಸವೂ ಹೋಗುತ್ತದೆ, ಆಟವೂ ನಿಲ್ಲುತ್ತದೆ.

ಅಚ್ಚು ತೆಗೆಯಲು ಸಣ್ಣ ಅಳತೆಗೆ ಸರಿಹೊಂದುವ ಆರು ಮೂಲ ಗೊಂಬೆಗಳನ್ನು ನೀವು ಕೆತ್ತಿಕೊಡುತ್ತೀರಾ? ಇದನ್ನು ಬಲ್ಲವರು ನನಗೆ ಗೊತ್ತಿರುವಂತೆ ನೀವೊಬ್ಬರೇ.

ಶೃತಿ

*

ಪತ್ರ ಸಂಖ್ಯೆ 4
18 ಜುಲೈ 2025

ಆಗದು. ಹದಿನೈದು ಮಿಲಿಮೀಟರಿನ ಕೆಲಸದಲ್ಲಿ ನನಗೆ ಆಸಕ್ತಿಯಿಲ್ಲ.

ಹನ್ನೆರಡು ಬಾಕಿ.

ಅನಂತರಾಮು

*

ಕೋಣನಕುಂಟೆ
21 ಜುಲೈ 2025

ಅನಂತರಾಮು ಸಾರ್,

ಎರಡು ಸಾಲಿಗೆ ಎರಡು ಹಾಳೆ. ತುಂಬ ಸಂತೋಷ. ನಾನು ಮುಳುಗುವುದನ್ನು ದಡದಲ್ಲಿ ಕೂತು ನೋಡಬೇಕೆಂದಿದ್ದರೆ ನೋಡಿ. ಗೊತ್ತಿದ್ದೂ ಕೈ ಕಟ್ಟಿ ಕೂರುವವರ ಮೇಲೆ ನನಗೆ ಗೌರವ ಉಳಿಯುವುದಿಲ್ಲ.

ಇಷ್ಟು ಬರೆದ ಮೇಲೂ ನನಗೆ ಬೇರೆ ದಾರಿಯಿಲ್ಲ. ಮುರಿದ ಗೊಂಬೆಗಳನ್ನೂ ಕೆತ್ತುವ ಮೇಣವನ್ನೂ ಯಲ್ಲಪ್ಪಣ್ಣನ ಕೈಯಲ್ಲಿ ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಬೇಡವೆಂದರೆ ಅವರ ಎದುರಿಗೇ ಹೇಳಿ.

ಶೃತಿ

*

ಕೋಣನಕುಂಟೆ
23 ಜುಲೈ 2025

ಅನಂತರಾಮು ಸಾರ್,

ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಯಲ್ಲಪ್ಪಣ್ಣ ಬಂದು ಹೇಳಿದರು. “ಕಾಫಿನ ಲೋಟಕ್ಕೆ ಅಂತ ಬಗ್ಗಿಸಿ ತಟ್ಟೆಗೆ ಬಗ್ಗಿಸಿದ್ರು ಮೇಡಂ. ನನ್ ಮುಖ ನೋಡೋಕೆ ಪಕ್ಕಕ್ ತಿರುಗ್ತಾರೆ. ನಿಮ್ ಕಾಗ್ದನ ನನ್ ಕೈಲೇ ಓದ್ಸಿದ್ರು. ನಂಗೆ ನಾಚ್ಕೆ ಆಯ್ತು.”

ದೊಡ್ಡ ಅಕ್ಷರ ಏಕೆಂದು ಈಗ ತಿಳಿಯಿತು. ಮುಖ ಏಕೆ ಕಾಣಲಿಲ್ಲವೆಂದೂ.

ಇಷ್ಟು ದೊಡ್ಡದಾಗಿ ಬರೆದರೆ ಹಾಳೆಗೆ ಎಂಟೇ ಸಾಲು. ನಯವಾಗಿ ಸುತ್ತಿ ಹೇಳಲು ಜಾಗವಿಲ್ಲ. ಅದಕ್ಕೇ ನೇರವಾಗಿ ಹೇಳುತ್ತೇನೆ.

ಕುದುರೆಯ ಅಚ್ಚು ಇಲ್ಲ. ಕಳೆದ ಡಿಸೆಂಬರಿನಲ್ಲೇ ಜಾಗ ಸಾಲದೆಂದು ಹಳೆಯ ರಬ್ಬರ್ ಅಚ್ಚುಗಳನ್ನು ಗುಜರಿಗೆ ಹಾಕಿದೆ. ಅವುಗಳ ಪೆಟ್ಟಿಗೆಯಲ್ಲೇ ಕುದುರೆಯ ಮೂಲ ಗೊಂಬೆಗಳೂ ಇದ್ದವು. ನೋಡದೆ ಕೊಟ್ಟೆ.

ನಿಮ್ಮ ಮೊದಲ ಪತ್ರ ಬರುವ ಹೊತ್ತಿಗೇ ಅದು ಮುಗಿದಿತ್ತು. ಆರು ತಿಂಗಳು ‘ನೋಡೋಣ’ ಎಂದೆ. ನಾಚಿಕೆಯಾಗುತ್ತಿದೆ.

ಶೃತಿ

*

ಪತ್ರ ಸಂಖ್ಯೆ 5
ಜಯನಗರ
30 ಜುಲೈ 2025

ಅಮ್ಮಾ ಶೃತಿ,

ಯಲ್ಲಪ್ಪ ಓದಿದ್ದೊಂದನ್ನು ಬಿಟ್ಟು ನಿಮ್ಮ ಹಿಂದಿನ ಪತ್ರಗಳನ್ನು ಭೂತಗನ್ನಡಿ ಹಿಡಿದು, ಒಂದೊಂದು ಪದವಾಗಿ ಕೂಡಿಸಿಕೊಂಡು ಓದಿದ್ದೆ. ಇದನ್ನು ಬರಿಗಣ್ಣಿನಲ್ಲಿ ಓದಿದೆ. ಓದದಿದ್ದರೇ ಚೆನ್ನಾಗಿತ್ತು.

ಮೂಲ ಗೊಂಬೆಗಳನ್ನು ಗುಜರಿಗೆ ಹಾಕಿದಿರಾ? ನೋಡದೆ? ನಮ್ಮ ಟೂಲ್ ರೂಮಿನಲ್ಲಾಗಿದ್ದರೆ ಅಂಥವರನ್ನು ಆ ದಿನವೇ ಗೇಟಿನಾಚೆ ಕಳಿಸುತ್ತಿದ್ದೆ. ಒಂದು ಮೂಲ ಮಾದರಿ ಕೆತ್ತಲು ಒಬ್ಬ ಮನುಷ್ಯನಿಗೆ ಎಷ್ಟು ದಿನ ಹಿಡಿಯುತ್ತದೆಂದು ನಿಮಗೆ ಗೊತ್ತೇ? ಹೋದ ಪತ್ರಗಳಲ್ಲಿ ಅಕ್ಷರ ದೊಡ್ಡದಾಗಿದ್ದುದು ಕಣ್ಣಿನ ದೆಸೆಯಿಂದ. ಈ ಪತ್ರದಲ್ಲಿ ನಿಜವಾಗಿಯೂ ಬೈಯುತ್ತಿದ್ದೇನೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ನೇರವಾಗಿ ನೋಡಿದ ಜಾಗವೇ ಮಸುಕಾಗುತ್ತದೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಹೋದ ವರ್ಷದ ದೀಪಾವಳಿಯಿಂದ ಶುರುವಾದದ್ದು. ಇನ್ನೊಂದು ವರ್ಷದಲ್ಲಿ ದಾಳದ ಚುಕ್ಕಿಗಳೂ ಕಾಣವು ಎಂದಿದ್ದಾರೆ ಡಾಕ್ಟರ್. ಅದಕ್ಕೇ ಆತುರವಿತ್ತು. ನನ್ನ ಪೂರ್ತಿ ಸೈನ್ಯ ಒಂದೇ ಒಂದು ಸಲ ಮೇಜಿನ ಮೇಲೆ ನಿಂತದ್ದನ್ನು ನೋಡಬೇಕೆಂದಿತ್ತು. ಜಯದೇವಪ್ಪನಿಗೂ ಹೇಳಿರಲಿಲ್ಲ. ಹೇಳಿದರೆ ಅವನು ಕನಿಕರಕ್ಕೆ ಸೋಲುತ್ತಾನೆ. ಅದು ನನಗೆ ಬೇಡ.

ಇನ್ನು ಕೆಲಸದ ಮಾತು.

ಸಣ್ಣ ಗೊಂಬೆಯನ್ನು ನಾನು ಕೆತ್ತಲಾರೆ. ಆದರೆ ದೊಡ್ಡದನ್ನು ಕೆತ್ತಬಲ್ಲೆ. ಐದು ಪಟ್ಟು ದೊಡ್ಡದಾಗಿ, ತೋರುಬೆರಳಿನಷ್ಟು ಎತ್ತರಕ್ಕೆ ಮಾಡುತ್ತೇನೆ. ಅಷ್ಟಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ಭರ್ಜಿ ಊದುಬತ್ತಿಯಷ್ಟು ದಪ್ಪ. ತಲೆ ದೊಡ್ಡದು, ಕೈ ದೊಡ್ಡದು, ಮೀಸೆ ವಿಕಾರವೆನಿಸುವಷ್ಟು ದೊಡ್ಡದು. ನೋಡಿ ನಗಬೇಡಿ. ಅದನ್ನು ಸ್ಕ್ಯಾನ್ ಮಾಡಿ ಐದರಲ್ಲೊಂದಕ್ಕೆ ಇಳಿಸಿದರೆ ಸರಿಹೋಗುತ್ತದೆ. ಯಲ್ಲಪ್ಪನ ಮೇಣದಲ್ಲಿ ಇಬ್ಬರು ಆಗಿದ್ದಾರೆ. ಬಂದು ಒಯ್ಯಲಿ.

ಈ ಪೆಟ್ಟಿಗೆಯಲ್ಲಿ ಒಂದು ಕುದುರೆ ಸವಾರನಿದ್ದಾನೆ. ಹಳೆಯ ಅಳತೆ. ನಾನು ಬಣ್ಣ ಹಚ್ಚಿದ ಮೊದಲನೆಯ ಸವಾರ. ಹನ್ನೊಂದು ದಿನ ಕೂತು ಬರೆದದ್ದು, ಜೀನಿನ ಅಂಚಿನಲ್ಲಿ ಕೆಂಪು ಎಳೆಯಿದೆ. ಇವನನ್ನು ಮೂಲವಾಗಿಟ್ಟು ಅಚ್ಚು ಒತ್ತಿ. ರಬ್ಬರಿನ ನಡುವೆ ಕಾಯಿಸಿದರೆ ಬಣ್ಣವೆಲ್ಲ ಸುಡುತ್ತದೆಂದು ನನಗೆ ಗೊತ್ತು. ಗೊತ್ತಿದ್ದೇ ಕಳಿಸುತ್ತಿದ್ದೇನೆ. ಹದಿಮೂರು ಎರಕ ಹೊಯ್ಯಿರಿ: ಬಾಕಿಯಿರುವ ಹನ್ನೆರಡು, ಇವನ ಬದಲಿಗೆ ಒಂದು.

ಅನಂತರಾಮು

*

ಕೋಣನಕುಂಟೆ
9 ಸೆಪ್ಟೆಂಬರ್ 2025

ಅನಂತರಾಮು ಸಾರ್,

ಸ್ಕೆಚ್ ಪೆನ್ನಿನಲ್ಲೇ.

ಕುದುರೆಗಳನ್ನು ಕಳಿಸುತ್ತಿದ್ದೇನೆ. ಹನ್ನೆರಡೇ ಇವೆ. ಹದಿಮೂರನೆಯದಕ್ಕೆ ಅಚ್ಚು ಕಾಲಿನ ಹತ್ತಿರ ಹರಿಯಿತು. ಸುಟ್ಟ ಗೊಂಬೆಯ ಮೇಲೆ ಇನ್ನೊಂದು ಅಚ್ಚು ಒತ್ತಲು ಯಲ್ಲಪ್ಪಣ್ಣ ಒಪ್ಪಲಿಲ್ಲ. “ಪಾಪದ್ದು, ಒಂದ್ಸಲ ಸಾಕು,” ಎಂದರು. ಅದನ್ನೂ ವಾಪಸ್ ಇಟ್ಟಿದ್ದೇನೆ. ಬಣ್ಣವೆಲ್ಲ ಹೋಗಿದೆ. ಕೆಂಪು ಎಳೆಯೂ. ನೋಡಿ ಅತ್ತುಬಿಟ್ಟೆ ಸಾರ್.

ನೀವು ಕೆತ್ತಿದ ಆರೂ ಮೂಲಗಳು ಎರಕಕ್ಕೆ ಹೋಗಿವೆ. ದೊಡ್ಡದರಲ್ಲಿ ವಿಕಾರ, ಸಣ್ಣದರಲ್ಲಿ ಮೀಸೆ ತಿರುವಿಕೊಂಡು ನಿಂತ ಹಾಗಿದ್ದಾರೆ. ಹೇಗೆ ಎಂದು ನನಗೆ ಇನ್ನೂ ಅರ್ಥವಾಗಿಲ್ಲ. ಮುರಿದ ಪೆಟ್ಟಿಗೆ ವಾಪಸ್ ಕಳಿಸಿದವರಿಗೆ ಮೊದಲು ಇವನ್ನು ಕಳಿಸುತ್ತೇನೆ. ಎಷ್ಟು ಜನ ಮತ್ತೆ ಆಡುತ್ತಾರೋ ಗೊತ್ತಿಲ್ಲ.

ಗಣೇಶನ ಹಬ್ಬ ಮುಗಿಯಿತು. ಅಪ್ಪ ದೀಪಾವಳಿಯವರೆಗೆ ಎಂದಿದ್ದಾರೆ. ಗೆದ್ದಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೆ.

ಒಂದು ಸಣ್ಣ ಸೈನಿಕನನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ನಿಮ್ಮ ಭರ್ಜಿಯವನು. ಸರಿಯಿದ್ದಾನೆಯೇ ಹೇಳಿ.

ಶೃತಿ

*

ಪತ್ರ ಸಂಖ್ಯೆ 6
ಜಯನಗರ
6 ಅಕ್ಟೋಬರ್ 2025

ಅಮ್ಮಾ ಶೃತಿ,

ಜಯದೇವಪ್ಪನಿಗೆ ನಾನೇ ಫೋನ್ ಮಾಡಿ ಕಣ್ಣಿನ ವಿಷಯ ಹೇಳಿದೆ. ಬಾಯಿಗೆ ಬಂದಂತೆ ಬೈದ. “ಅದಕ್ಕೇ ಏನೋ ಆವತ್ತು ನನ್ ಸಣ್ಣ ಗೊಂಬೆಗಳನ್ನ ನೋಡಿ ಉರಿದುಬಿದ್ದಿದ್ದು? ಕಾಣಲ್ಲ ಅನ್ನೋಕ್ ಏನ್ ರೋಗ ನಿಂಗೆ!” ಎಂದ. ಮಾರನೆಯ ದಿನವೇ ಬಂದು ಹನ್ನೆರಡು ಸವಾರರಿಗೂ ಬಣ್ಣ ಹಚ್ಚಲು ಕೂತ. ಕಂದು ಎನ್ನುತ್ತಾನೆ. ನೇರಳೆ ಹಚ್ಚಿದ್ದಾನೆಂದು, ನೋಡಿಹೋಗಲು ಬಂದಿದ್ದ ನಿಮ್ಮ ಯಲ್ಲಪ್ಪ ಹೇಳಿದ. ಈ ಒಂದು ವಿಷಯದಲ್ಲಿ ಕಣ್ಣು ಕಾಣದಿರುವುದೇ ಒಳ್ಳೆಯದು.

ಆದರೂ ಮುನ್ನೂರ ಹನ್ನೊಂದು. ಒಂದು ಕಡಿಮೆ.

ಸುಟ್ಟ ಕುದುರೆಯನ್ನು ಕೈಗೆ ತೆಗೆದುಕೊಂಡೆ. ಇಷ್ಟು ವರ್ಷ ಬಣ್ಣದ ಮೇಲೆ ಬಣ್ಣ ಕೂತು ನನ್ನ ಗೊಂಬೆಗಳೆಲ್ಲ ಬೆರಳಿಗೆ ನುಣುಪಾಗಿವೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಸಿಗುವುದಿಲ್ಲ. ಇದರಲ್ಲಿ ಜೀನಿನ ಪಟ್ಟಿ, ಲಗಾಮು, ಸವಾರನ ಮೂಗು ಎಲ್ಲವೂ ಸಿಕ್ಕಿತು. ಹನ್ನೊಂದು ವರ್ಷ ಇಟ್ಟುಕೊಂಡಿದ್ದವನ ಮುಖ ಮೊನ್ನೆ ಗೊತ್ತಾಯಿತು.

ಜಯದೇವಪ್ಪ ಅದಕ್ಕೂ ಕುಂಚ ಅದ್ದಿಕೊಂಡು ಬಂದ. ಬೇಡವೆಂದೆ.

“ಹಂಗಾದ್ರೆ ನಿನ್ ರೂಲ್ಸು? ಬಣ್ಣ ಇಲ್ದೇ ಇದ್ದದ್ದು ಮೇಜು ಹತ್ತಂಗಿಲ್ಲ ಅಂತ?”

“ಬರೆದೋನು ನಾನು. ಹೊಡೆದುಹಾಕೋನೂ ನಾನೇ. ಇಡೋ ಅದನ್ನ, ಎಲ್ಲಕ್ಕಿಂತ ಮುಂದೆ.”

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಶುರುವಾದ ಯುದ್ಧ ನಾಲ್ಕೂವರೆಗೆ ಮುಗಿಯಿತು. ಮುನ್ನೂರ ಹನ್ನೆರಡೂ ನಿಂತಿದ್ದವು. ಓರೆಯಾಗಿ ನಿಂತು, ಕಣ್ಣಂಚಿನಲ್ಲಿ ನೋಡಿದೆ. ಮಸುಕಾಗಿತ್ತು, ಆದರೆ ಮೇಜಿನ ಆ ತುದಿಯಿಂದ ಈ ತುದಿಯವರೆಗೂ ನನ್ನವರೇ ಇದ್ದರು. ಬಹಳ ಸಂತೋಷವಾಯಿತಮ್ಮ. ದಾಳ ಅವನೇ ಓದಿ ಹೇಳುತ್ತಿದ್ದ. ಮೋಸ ಮಾಡಿದನೋ ಇಲ್ಲವೋ ತಿಳಿಯದು. ಹೀನಾಯವಾಗಿ ಸೋತೆ, ಆದ್ದರಿಂದ ಕನಿಕರವಂತೂ ತೋರಿಸಿಲ್ಲ.

ನಿಮ್ಮ ಸಣ್ಣ ಸೈನಿಕನ ಬಗ್ಗೆ ಕೇಳಿದ್ದಿರಿ. ಮೀಸೆ, ಮುಖ ನನಗೆ ಕಾಣುವುದಿಲ್ಲ. ಹತ್ತಿ ಬಿಡಿಸಿ ಭರ್ಜಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಬಾಗಲಿಲ್ಲ. ಬೆರಳಿಗೆ ಚುಚ್ಚಿ ರಕ್ತ ಬಂತು. ಸರಿಯಿದ್ದಾನೆ.

ಅನಂತರಾಮು